ಜಾಬ್ ಹಸಿರು, ರಿಪೋರ್ಟ್ ಹಳತು: ಎಸ್‌ಎಸ್‌ಐಎಸ್ ಪ್ಯಾಕೇಜುಗಳ ಸರ್ವರ್ ಬದಲಾವಣೆಯ ಒಂದು ಪ್ರಕರಣ

ಎಸ್‌ಎಸ್‌ಐಎಸ್ (ಒಂದು ಕಡೆಯಿಂದ ಡೇಟಾ ಓದಿ ಇನ್ನೊಂದು ಕಡೆ ತುಂಬುವ ಮೈಕ್ರೋಸಾಫ್ಟ್ ಸಲಕರಣೆ) ಪ್ಯಾಕೇಜುಗಳನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಿದ ಯಾರನ್ನೇ ಕೇಳಿ, ಮೊದಲು ಪಾಸ್‌ವರ್ಡ್ ಎರರಿನ ಕಥೆ ಹೇಳುತ್ತಾರೆ. ಅದು ಎದುರಿಗೇ ಬಂದು ನಿಲ್ಲುವ ತೊಂದರೆ. ಜಾಬ್, ಅಂದರೆ ಪ್ಯಾಕೇಜನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಏರ್ಪಾಡು, ವಿಫಲವಾಗಿ ಕೆಂಪಾಗುತ್ತದೆ (ಯಶಸ್ವಿಯಾದರೆ ಹಸಿರು), ಯಾರಾದರೂ ನೋಡುತ್ತಾರೆ, ಸರಿಪಡಿಸುತ್ತಾರೆ. ಈ ಪ್ರಕರಣವನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಬೇರೆ. ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುವ ಕಾನ್ಫಿಗರೇಶನ್ ಕೈಗೆ ಸಿಗದಿದ್ದರೂ ಪ್ಯಾಕೇಜ್ ನಿಲ್ಲದೆ ಓಡಿತು, ಯಶಸ್ವಿ ಎಂದು ವರದಿ ಕೊಟ್ಟಿತು, ನಿಜವಾದ ವ್ಯಾಪಾರದ ಡೇಟಾವನ್ನು ಟೆಸ್ಟ್ ಸರ್ವರಿಗೆ ತುಂಬಿತು. ಎಲ್ಲೂ ಒಂದು ಎರರ್ ಇರಲಿಲ್ಲ.

ಸಂಸ್ಥೆ ಔಷಧಗಳ ಸಗಟು ವಿತರಣೆ ಮಾಡುತ್ತದೆ. ಶಾಖೆಗಳ ಆ ದಿನದ ಬಿಲ್ಲುಗಳು ಸಂಜೆ ಟೆಕ್ಸ್ಟ್ ಫೈಲುಗಳಾಗಿ ಒಂದು ಶೇರ್ಡ್ ಫೋಲ್ಡರಿಗೆ ಬಂದು ಬೀಳುತ್ತವೆ. ರಾತ್ರಿ ಒಂದು ಮುಖ್ಯ ಪ್ಯಾಕೇಜ್ ತನ್ನ ಕೆಳಗಿನ ಪ್ಯಾಕೇಜುಗಳನ್ನು ಒಂದಾದ ಮೇಲೆ ಒಂದು ಕರೆಯುತ್ತದೆ. ಅವು ಆ ಫೈಲುಗಳನ್ನು ಓದಿ, ಇಆರ್‌ಪಿ (ಸಂಸ್ಥೆಯ ವ್ಯವಹಾರ ನಡೆಸುವ ತಂತ್ರಾಂಶ) ಡೇಟಾಬೇಸಿನಿಂದ ಸರಕಿನ ವಿವರ ಮತ್ತು ದರ ತಂದು ಕೂಡಿಸಿ, ವೇರ್‌ಹೌಸ್ ಡೇಟಾಬೇಸಿಗೆ ತುಂಬುತ್ತವೆ. ಓದಿ ಮುಗಿದ ಫೈಲು ಆರ್ಕೈವ್ ಫೋಲ್ಡರಿಗೆ ಹೋಗುತ್ತದೆ. ಬೆಳಗ್ಗೆ ಖರೀದಿ ವಿಭಾಗದವರು ಯಾವ ಔಷಧ ಎಲ್ಲಿ ಖಾಲಿಯಾಗುತ್ತಿದೆ, ಎಷ್ಟು ತರಿಸಬೇಕು ಎಂದು ಲೆಕ್ಕ ಹಾಕುವುದು ಈ ವೇರ್‌ಹೌಸಿನ ರಿಪೋರ್ಟ್ ನೋಡಿಯೇ. ಅದು ಒಂದು ದಿನ ಹಿಂದೆ ಬಿದ್ದರೆ ಆರ್ಡರ್ ತಪ್ಪುತ್ತದೆ. ಆರ್ಡರ್ ತಪ್ಪಿದರೆ ಯಾವುದೋ ಊರಿನ ಅಂಗಡಿಯಲ್ಲಿ ಇನ್ಸುಲಿನ್ ಇಲ್ಲ ಅನ್ನಿಸಿಕೊಂಡು ಯಾರೋ ಹಿಂತಿರುಗಿ ಹೋಗುತ್ತಾರೆ. ಹಾಗಾಗಿ ಇದು ಬರೀ ಕಂಪ್ಯೂಟರ್ ಕೋಣೆಯ ತಾಪತ್ರಯವಲ್ಲ.

ಹಳೆಯ ಸರ್ವರಿನಲ್ಲಿದ್ದದ್ದು ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ 2008 ಆರ್2. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ವಿಸ್ತೃತ ಬೆಂಬಲ 2019ರ ಜುಲೈ 9ಕ್ಕೆ ಮುಗಿದಿತ್ತು. ಹೊಸ ಸರ್ವರಿಗೆ 2019ರ ಆವೃತ್ತಿ ಹಾಕಿದ್ದರು. ಪ್ಯಾಕೇಜುಗಳನ್ನು ಹೊಸದಾಗಿ ಬರೆಯದೆ, ಅಪ್‌ಗ್ರೇಡ್ ವಿಝಾರ್ಡಿನಲ್ಲಿ ಹಾಯಿಸಿ, ಹಳೆಯ ಪ್ಯಾಕೇಜ್ ಡಿಪ್ಲಾಯ್‌ಮೆಂಟ್ ಮಾದರಿಯಲ್ಲೇ ಹೊಸ ಸರ್ವರಿನ ಎಂಎಸ್‌ಡಿಬಿ ಎಂಬ ಒಳ ಡೇಟಾಬೇಸಿಗೆ ಏರಿಸುವುದು ಎಂದು ತೀರ್ಮಾನವಾಗಿತ್ತು. ಸಮಯ ಕಡಿಮೆಯಿದ್ದಾಗ ಇದು ಒಪ್ಪುವಂಥ ತೀರ್ಮಾನವೇ. ಆದರೆ ಈ ಮಾದರಿಯಲ್ಲಿ ಪ್ಯಾಕೇಜಿನ ಅರ್ಧ ಜೀವ ಪ್ಯಾಕೇಜಿನ ಹೊರಗಿರುತ್ತದೆ ಎಂಬುದನ್ನು ಮರೆತು ಹೊರಟರೆ ಮುಂದೆ ನಡೆದದ್ದೆಲ್ಲ ನಡೆಯುತ್ತದೆ.

ಇಲ್ಲಿನ ಕಾನ್ಫಿಗರೇಶನ್ ಮೂರು ಮೆಟ್ಟಿಲಿನದು. ಮೊದಲು ವಿಂಡೋಸಿನ ಒಂದು ಎನ್ವಿರಾನ್ಮೆಂಟ್ ವೇರಿಯಬಲ್ (ವಿಂಡೋಸ್ ಪ್ರೋಗ್ರಾಮುಗಳಿಗೆ ಕೊಡುವ, ಹೆಸರಿಟ್ಟ ಒಂದು ಮಾಹಿತಿ); ಅದರಲ್ಲಿ ಒಂದು ಎಕ್ಸ್‌ಎಂಎಲ್ ಕಾನ್ಫಿಗರೇಶನ್ ಫೈಲಿನ ವಿಳಾಸ. ಆ ಫೈಲಿನಲ್ಲಿ ಕಾನ್ಫಿಗರೇಶನ್ ಡೇಟಾಬೇಸಿನ ಕನೆಕ್ಷನ್ ಸ್ಟ್ರಿಂಗ್, ಅಂದರೆ ಅದನ್ನು ಸಂಪರ್ಕಿಸುವ ವಿಳಾಸದ ಸಾಲು. ಆ ಡೇಟಾಬೇಸಿನಲ್ಲಿ ‘ಎಸ್‌ಎಸ್‌ಐಎಸ್ ಕಾನ್ಫಿಗರೇಶನ್ಸ್’ ಎಂಬ ಟೇಬಲ್. ಇಆರ್‌ಪಿ, ವೇರ್‌ಹೌಸ್, ಲಾಗ್ ಇವುಗಳ ಕನೆಕ್ಷನ್ ಸ್ಟ್ರಿಂಗುಗಳೆಲ್ಲ ಅದರಲ್ಲಿ. ಟೆಸ್ಟ್ ಸರ್ವರಿನಲ್ಲೂ ಇದೇ ಏರ್ಪಾಡು, ಅಲ್ಲಿನ ಟೇಬಲಿನಲ್ಲಿ ಅಲ್ಲಿನ ವಿಳಾಸಗಳು. ವಿನ್ಯಾಸ ಚೆನ್ನಾಗಿಯೇ ಇದೆ. ಪ್ಯಾಕೇಜನ್ನು ಮುಟ್ಟದೆ, ಮೊದಲ ಮೆಟ್ಟಿಲು ಬದಲಿಸಿದರೆ ಉಳಿದದ್ದೆಲ್ಲ ತಾನಾಗಿ ಬದಲಾಗುತ್ತದೆ. ಮೊದಲ ಮೆಟ್ಟಿಲು ಕಾಣದೆ ಹೋದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಕೆಂಪಾದ ಜಾಬುಗಳು

ಮೊದಲ ಓಟದಲ್ಲೇ ಬಂದದ್ದು ಎಲ್ಲರಿಗೂ ಪರಿಚಿತವಾದ ಎರರ್, ಸಂಖ್ಯೆ ಸಿ0016016. ಪಾಸ್‌ವರ್ಡ್ ಇರುವ ಎಕ್ಸ್‌ಎಂಎಲ್ ಭಾಗದ ಗೂಢಲಿಪಿ ಬಿಡಿಸಲು ಆಗಲಿಲ್ಲ, ಕೀ ಈ ಸ್ಥಿತಿಯಲ್ಲಿ ಬಳಸಲು ಯೋಗ್ಯವಲ್ಲ ಎಂಬರ್ಥದ ಸಂದೇಶ. ಪ್ಯಾಕೇಜ್ ತಯಾರಿಸುವಾಗ ಪ್ರೊಟೆಕ್ಷನ್ ಲೆವೆಲ್ ಎಂಬ ಗುಣವನ್ನು (ಪ್ರಾಪರ್ಟಿಯನ್ನು) ಯಾರೂ ಮುಟ್ಟದಿದ್ದರೆ ಅದು ‘ಎನ್‌ಕ್ರಿಪ್ಟ್ ಸೆನ್ಸಿಟಿವ್ ವಿತ್ ಯೂಸರ್ ಕೀ’ ಆಗಿರುತ್ತದೆ. ಅಂದರೆ ಪಾಸ್‌ವರ್ಡುಗಳನ್ನು ಆ ಡೆವಲಪರಿನ ವಿಂಡೋಸ್ ಪ್ರೊಫೈಲಿಗೆ ಕಟ್ಟಿದ ಕೀಲಿಯಿಂದ ಮುಚ್ಚಿಡುತ್ತದೆ. ಹೊಸ ಸರ್ವರಿನಲ್ಲಿ ಜಾಬುಗಳನ್ನು ಓಡಿಸುವ ಏಜೆಂಟ್ ಸರ್ವಿಸಿನ ಖಾತೆಗೆ ಆ ಕೀಲಿ ಎಲ್ಲಿಂದ ಬರಬೇಕು? ತಂಡದವರು ಏಜೆಂಟ್ ಖಾತೆಯನ್ನು ಸಿಸ್ಟಮ್ ಅಡ್ಮಿನ್ ಮಾಡಿ ನೋಡಿದ್ದರು, ಫಲ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಇದು ಅಧಿಕಾರದ ಕೊರತೆಯಿಂದ ಬರುವ ಎರರ್ ಅಲ್ಲ. ಎಷ್ಟು ಅಧಿಕಾರ ಕೊಟ್ಟರೂ ಇನ್ನೊಬ್ಬರ ಕೀಲಿ ನಮ್ಮದಾಗುವುದಿಲ್ಲ.

ಪರಿಹಾರ ಸರಳ: ಪ್ಯಾಕೇಜಿನೊಳಗೆ ಪಾಸ್‌ವರ್ಡ್ ಇಡುವುದನ್ನೇ ಬಿಡುವುದು. ‘ಡೋಂಟ್ ಸೇವ್ ಸೆನ್ಸಿಟಿವ್’ ಮಟ್ಟಕ್ಕೆ ಇಳಿಸಿ, ಪಾಸ್‌ವರ್ಡನ್ನು ಕಾನ್ಫಿಗರೇಶನ್ ಟೇಬಲಿನಿಂದ ಕೊಡುವುದು. ಒಂದೊಂದೇ ಪ್ಯಾಕೇಜ್ ತೆರೆಯಬೇಕಾಗಿಲ್ಲ. ಡಿಟಿಯುಟಿಲ್ ಎಂಬ ಕಮಾಂಡಿಗೆ ಎನ್‌ಕ್ರಿಪ್ಟ್ ಆಯ್ಕೆಯಲ್ಲಿ 0 ಮಟ್ಟ ಕೊಟ್ಟು ಫೋಲ್ಡರಿನಲ್ಲಿದ್ದ ಅಷ್ಟಕ್ಕೂ ತಂಡದವರು ಒಂದು ಬ್ಯಾಚ್ ಫೈಲಿನಿಂದ ಮಾಡಿ ಮುಗಿಸಿದರು. ಎರಡು ಎಚ್ಚರಗಳು ಬೇಕು. ಕಾನ್ಫಿಗರೇಶನ್ ವಿಝಾರ್ಡ್ ಕನೆಕ್ಷನ್ ಸ್ಟ್ರಿಂಗ್ ಬರೆದಿಡುವಾಗ ಪಾಸ್‌ವರ್ಡ್ ಭಾಗವನ್ನು ಬರೆಯುವುದಿಲ್ಲ, ಅದನ್ನು ಕೈಯಿಂದ ಸೇರಿಸಬೇಕು. ಹಾಗೆ ಸೇರಿಸಿದ ಮೇಲೆ ಆ ಟೇಬಲಿನಲ್ಲಿ ಪಾಸ್‌ವರ್ಡ್ ಬಯಲಾಗಿ ಕೂತಿರುತ್ತದೆ. ಆದ್ದರಿಂದ ಅದನ್ನು ಓದುವ ಹಕ್ಕು ಏಜೆಂಟ್ ಖಾತೆಗೆ ಮತ್ತು ಡಿಬಿಎಗೆ (ಡೇಟಾಬೇಸ್ ನೋಡಿಕೊಳ್ಳುವವರಿಗೆ) ಬಿಟ್ಟು ಬೇರೆ ಯಾರಿಗೂ ಇರಬಾರದು. ಆಗುವ ಕಡೆಯಲ್ಲೆಲ್ಲ ವಿಂಡೋಸ್ ಅಥೆಂಟಿಕೇಶನ್‌ಗೆ ಬದಲಿಸುವುದು ಇನ್ನೂ ಒಳ್ಳೆಯದು. ಇಲ್ಲಿ ಇಆರ್‌ಪಿ ಒಂದನ್ನು ಬಿಟ್ಟು ಉಳಿದದ್ದಕ್ಕೆ ಹಾಗೇ ಮಾಡಿದರು.

ದರಪಟ್ಟಿಯ ಎಕ್ಸೆಲ್ ಫೈಲ್ ಓದುವ ಪ್ಯಾಕೇಜೂ ಬಿದ್ದಿತು. ಎಕ್ಸೆಲ್ ಓದಿಕೊಡುವ ಜೆಟ್ ಪ್ರೊವೈಡರ್ 4.0 ನೋಂದಣಿಯಾಗಿಲ್ಲ ಎಂಬ ದೂರು. ಜೆಟ್ ಇರುವುದು 32 ಬಿಟ್‌ನಲ್ಲಿ ಮಾತ್ರ, ಏಜೆಂಟ್ ಸುಮ್ಮನೆ ಬಿಟ್ಟರೆ 64 ಬಿಟ್‌ನಲ್ಲಿ ಓಡಿಸುತ್ತದೆ. ಹಳೆಯ ಸರ್ವರಿನಲ್ಲಿ ಜಾಬ್ ಸ್ಟೆಪ್ಪಿನ ‘32 ಬಿಟ್ ರನ್‌ಟೈಮ್ ಬಳಸು’ ಎಂಬ ಪೆಟ್ಟಿಗೆಗೆ ಟಿಕ್ ಇತ್ತು. ಜಾಬುಗಳನ್ನು ಸ್ಕ್ರಿಪ್ಟ್ ತೆಗೆದು ತಾರದೆ ಹೊಸ ಸರ್ವರಿನಲ್ಲಿ ಕೈಯಿಂದ ಕಟ್ಟಿದ್ದರಿಂದ ಆ ಟಿಕ್ ಹಿಂದೆ ಉಳಿಯಿತು.

ಹಸಿರಾದ ಜಾಬ್

ಈ ಎರಡೂ ಸರಿಯಾದ ಮೇಲೆ ರಾತ್ರಿಯ ಜಾಬ್ ಮೊದಲಿನಿಂದ ಕೊನೆಯವರೆಗೆ ಹಸಿರಾಯಿತು. ಬೆಳಗ್ಗೆ ಖರೀದಿ ವಿಭಾಗದ ಮುಖ್ಯಸ್ಥೆ ಡಿಬಿಎಗೆ ಫೋನ್ ಮಾಡಿದರು: “ನಿನ್ನೆ ಮೊನ್ನೆಯ ಬಿಲ್ಲೇ ಇಲ್ವಲ್ಲ ಇದರಲ್ಲಿ? ಸ್ಟಾಕ್ ಹಾಗೇ ಇದ್ದಂಗೆ ತೋರಿಸ್ತಿದೆ.” ಡಿಬಿಎ ಹೇಳಿದ್ದು: “ಜಾಬ್ ಸಕ್ಸಸ್ ಆಗಿದೆ ಮೇಡಂ. ಶಾಖೆಯವರು ಫೈಲ್ ಕಳಿಸಿರಲಿಕ್ಕಿಲ್ಲ.” ಶಾಖೆಯವರು ಕಳಿಸಿದ್ದರು. ಶೇರ್ಡ್ ಫೋಲ್ಡರ್ ಖಾಲಿಯಿತ್ತು, ಆರ್ಕೈವ್ ಫೋಲ್ಡರಿನಲ್ಲಿ ಆ ಫೈಲುಗಳೆಲ್ಲ ಇದ್ದವು. ಅಂದರೆ ಪ್ಯಾಕೇಜ್ ಓದಿದೆ, ಎಲ್ಲೋ ತುಂಬಿದೆ, ಮುಗಿಯಿತೆಂದು ಫೈಲನ್ನು ಸರಿಸಿದೆ. ಜಾಬನ್ನು ಮತ್ತೆ ಓಡಿಸಿದರು, ಮತ್ತೆ ಹಸಿರು. ಖಾಲಿ ಫೋಲ್ಡರಿನ ಮೇಲೆ ಓಡುವ ಫಾರ್ ಈಚ್ ಲೂಪ್ (ಒಂದೊಂದೇ ಫೈಲ್ ಎತ್ತಿಕೊಳ್ಳುವ ಹೆಜ್ಜೆ) ಏನೂ ಸಿಗಲಿಲ್ಲ ಎಂದು ಒಂದು ವಾರ್ನಿಂಗ್ ಕೊಟ್ಟು ಯಶಸ್ವಿಯಾಗಿಯೇ ಮುಗಿಯುತ್ತದೆ.

ನನ್ನನ್ನು ಕರೆದದ್ದು ಈ ಹಂತದಲ್ಲಿ. ಮೊದಲು ನೋಡಿದ್ದು ಹೊಸ ಸರ್ವರಿನ ‘ಸಿಸ್‌ಎಸ್‌ಎಸ್‌ಐಎಸ್‌ಲಾಗ್’ ಟೇಬಲ್. ಪ್ಯಾಕೇಜಿನ ಪ್ರತಿಯೊಂದು ಹೆಜ್ಜೆಯೂ ಅದರಲ್ಲಿ ದಾಖಲಾಗಬೇಕು. ಆ ರಾತ್ರಿಯ ಒಂದು ಸಾಲೂ ಇರಲಿಲ್ಲ. ಈ ಖಾಲಿತನವೇ ದೊಡ್ಡ ಸುಳಿವು. ಲಾಗ್ ಬರೆಯುವುದೂ ಒಂದು ಕನೆಕ್ಷನ್ ಮೂಲಕವೇ; ವೇರ್‌ಹೌಸ್ ಮತ್ತು ಲಾಗ್ ಎರಡೂ ಒಟ್ಟಿಗೆ ದಾರಿ ತಪ್ಪಿವೆ ಎಂದರೆ ಯಾವುದೋ ಒಂದು ಕನೆಕ್ಷನ್ ಕೆಟ್ಟಿರುವುದಲ್ಲ, ಇಡೀ ಕಾನ್ಫಿಗರೇಶನ್ನೇ ಬೇರೆ ಕಡೆಯಿಂದ ಬರುತ್ತಿದೆ. ಟೆಸ್ಟ್ ಸರ್ವರಿನ ಅದೇ ಟೇಬಲ್ ತೆರೆದಾಗ ಆ ರಾತ್ರಿಯ ದಾಖಲೆ ಪೂರ್ತಿ ಅಲ್ಲಿತ್ತು. ‘ಕಂಪ್ಯೂಟರ್’ ಕಾಲಮಿನಲ್ಲಿ ಹೊಸ ಪ್ರೊಡಕ್ಷನ್ (ನಿಜವಾದ ಕೆಲಸ ನಡೆಯುವ) ಸರ್ವರಿನ ಹೆಸರು, ‘ಆಪರೇಟರ್’ ಕಾಲಮಿನಲ್ಲಿ ಏಜೆಂಟ್ ಖಾತೆಯ ಹೆಸರು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹಾಗಾದರೆ ಎನ್ವಿರಾನ್ಮೆಂಟ್ ವೇರಿಯಬಲ್ ಇರಲಿಲ್ಲವೇ? ಇತ್ತು. ಸಿಸ್ಟಮ್ ವೇರಿಯಬಲ್ ಆಗಿಯೇ ಇತ್ತು, ಹೆಸರು ಸರಿ, ವಿಳಾಸ ಸರಿ. ತಂಡದವರು ಸರ್ವರಿಗೆ ಲಾಗಿನ್ ಆಗಿ ಪ್ಯಾಕೇಜ್ ಓಡಿಸುವ ಕಮಾಂಡಾದ ಡಿಟಿಎಕ್ಸೆಕ್ ಮೂಲಕ ಒಂದನ್ನು ಕೈಯಿಂದ ಓಡಿಸಿ ನೋಡಿದಾಗ ಡೇಟಾ ಸರಿಯಾದ ವೇರ್‌ಹೌಸಿಗೇ ಹೋಗಿತ್ತು. ಅದೇ ಧೈರ್ಯದ ಮೇಲೆ ಅವರು ಜಾಬ್ ಚಾಲೂ ಮಾಡಿದ್ದರು. ಕೈಯಿಂದ ಸರಿ, ಏಜೆಂಟಿನಿಂದ ತಪ್ಪು. ವಿಂಡೋಸಿನಲ್ಲಿ ಒಂದು ಪ್ರೋಸೆಸ್ ತಾನು ಶುರುವಾಗುವ ಗಳಿಗೆಯಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್‌ಗಳ ಒಂದು ನಕಲು ಪ್ರತಿಯನ್ನು ಪಡೆಯುತ್ತದೆ, ಆಮೇಲೆ ಹೊರಗೆ ಆದ ಬದಲಾವಣೆ ಅದಕ್ಕೆ ತಿಳಿಯುವುದಿಲ್ಲ. ಏಜೆಂಟ್ ಸರ್ವಿಸ್ ಚಾಲೂ ಆದದ್ದು ವೇರಿಯಬಲ್ ಸೇರಿಸುವುದಕ್ಕೆ ಮುಂಚೆ. ಅದು ಹುಟ್ಟಿಸಿದ ಡಿಟಿಎಕ್ಸೆಕ್ ಪ್ರೋಸೆಸ್‌ಗಳಿಗೂ ಹಳೆಯ ಪ್ರತಿಯೇ ಸಿಗುತ್ತಿತ್ತು. ಹೊಸದಾಗಿ ತೆರೆದ ಕಮಾಂಡ್ ವಿಂಡೋಗೆ ಮಾತ್ರ ಹೊಸ ವೇರಿಯಬಲ್ ಕಾಣುತ್ತಿತ್ತು.

ಇನ್ನು ಸರಪಳಿ ಹೇಗೆ ಸರಿಯಿತು ಎಂದು ನೋಡಿ. ವೇರಿಯಬಲ್ ಸಿಗಲಿಲ್ಲ. ಎಸ್‌ಎಸ್‌ಐಎಸ್‌ನಲ್ಲಿ ಇದು ಎರರ್ ಅಲ್ಲ, ವಾರ್ನಿಂಗ್. ಕಾನ್ಫಿಗರೇಶನ್ ಸಿಗದ ಗುಣಕ್ಕೆ ಪ್ಯಾಕೇಜ್ ತಯಾರಾದಾಗ ಒಳಗೆ ಉಳಿದಿದ್ದ ಮೌಲ್ಯವನ್ನೇ ಇಟ್ಟುಕೊಂಡು ಅದು ಮುಂದೆ ಹೋಗುತ್ತದೆ. ಕಾನ್ಫಿಗರೇಶನ್ ಡೇಟಾಬೇಸಿನ ಕನೆಕ್ಷನ್ನಿನಲ್ಲಿ ಹಾಗೆ ಉಳಿದಿದ್ದದ್ದು ಟೆಸ್ಟ್ ಸರ್ವರಿನ ಹೆಸರು, ಏಕೆಂದರೆ ಡೆವಲಪರ್ ಕೆಲಸ ಮಾಡಿದ್ದೇ ಅಲ್ಲಿ. ಪ್ಯಾಕೇಜ್ ಟೆಸ್ಟ್ ಸರ್ವರಿಗೆ ಹೋಗಿ, ಅಲ್ಲಿನ ಕಾನ್ಫಿಗರೇಶನ್ ಟೇಬಲ್ ಓದಿ, ಇಆರ್‌ಪಿ, ವೇರ್‌ಹೌಸ್, ಲಾಗ್ ಮೂರಕ್ಕೂ ಟೆಸ್ಟ್ ವಿಳಾಸಗಳನ್ನು ಯಾವ ತಕರಾರೂ ಇಲ್ಲದೆ ಪಡೆದುಕೊಂಡಿತು. ಎರಡನೆಯ ಮೆಟ್ಟಿಲಿನಾಚೆ ಎಲ್ಲವೂ ನಿಯಮದಂತೆ ನಡೆದದ್ದರಿಂದ ಇಡೀ ಓಟದಲ್ಲಿ ಕಾನ್ಫಿಗರೇಶನ್ನಿನ ಬಗ್ಗೆ ಬಂದ ದೂರು ಆರಂಭದ ಆ ವಾರ್ನಿಂಗ್ ಒಂದೇ. ಶಾಖೆಗಳ ಶೇರ್ಡ್ ಫೋಲ್ಡರಿನ ವಿಳಾಸ ಮಾತ್ರ ಎಲ್ಲ ಕಡೆಗೂ ಒಂದೇ ಎಂದು ಕಾನ್ಫಿಗರೇಶನ್ನಿಗೆ ಹಾಕಿರಲಿಲ್ಲ. ಹಾಗಾಗಿ ನಿಜವಾದ ಬಿಲ್ಲುಗಳು ಟೆಸ್ಟ್ ದರಗಳ ಜೊತೆ ಕೂಡಿ ಟೆಸ್ಟ್ ವೇರ್‌ಹೌಸಿಗೆ ಬಿದ್ದವು.

ಆ ಒಂದು ವಾರ್ನಿಂಗ್ ಯಾರ ಕಣ್ಣಿಗೂ ಬೀಳದ್ದಕ್ಕೂ ಕಾರಣವಿದೆ. ಏಜೆಂಟಿನಲ್ಲಿ ಎಸ್‌ಎಸ್‌ಐಎಸ್ ಸ್ಟೆಪ್ ಮಾಡಿದಾಗ ತಾನಾಗಿ ತಯಾರಾಗುವ ಕಮಾಂಡ್ ಸಾಲಿನ ಕೊನೆಯಲ್ಲಿ ‘ರಿಪೋರ್ಟಿಂಗ್ ಇ’ ಎಂದಿರುತ್ತದೆ. ಎರರ್ ಇದ್ದರೆ ಮಾತ್ರ ಹೇಳು ಎಂದು ಅದರ ಅರ್ಥ. ಅದನ್ನು ‘ಇಡಬ್ಲ್ಯೂ’ ಮಾಡಿ ಓಡಿಸಿದ ಕೂಡಲೇ ಜಾಬ್ ಹಿಸ್ಟರಿಯಲ್ಲಿ ವೇರಿಯಬಲ್ ಸಿಗಲಿಲ್ಲ ಎಂಬ ಸಾಲು, ಅದರ ಹಿಂದೆಯೇ 80012059 ಎಂಬ ಸಂಖ್ಯೆಯ ಸಾಲು ಬಂತು: ಪ್ಯಾಕೇಜಿನ ಕಾನ್ಫಿಗರೇಶನ್‌ಗಳಲ್ಲಿ ಕನಿಷ್ಠ ಒಂದನ್ನು ತರಲಾಗಲಿಲ್ಲ. ಸರ್ವರ್ ಬದಲಿಸುವ ಯಾರೇ ಆಗಲಿ ಮೊದಲ ವಾರಗಳಲ್ಲಿ ಈ ಒಂದು ಅಕ್ಷರ ಸೇರಿಸಿಕೊಳ್ಳಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಪ್ರೊಡಕ್ಷನ್ ಏಜೆಂಟ್ ಖಾತೆಯನ್ನು ಟೆಸ್ಟ್ ಸರ್ವರಿನೊಳಗೆ ಬಿಟ್ಟವರು ಯಾರು? ಹಳೆಯ ಸರ್ವರಿನ ಖಾತೆಗೆ ಆ ಹಕ್ಕು ಇರಲಿಲ್ಲ. ಹೊಸ ಖಾತೆಗೆ, ಸ್ಥಳಾಂತರದ ಸಮಯದಲ್ಲಿ ತಡೆ ಬೇಡ ಎಂದು, ಎಲ್ಲ ಸರ್ವರುಗಳಲ್ಲೂ ಧಾರಾಳವಾಗಿ ಹಕ್ಕು ಕೊಟ್ಟಿದ್ದರು. ಕೊಡದಿದ್ದರೆ ಮೊದಲ ರಾತ್ರಿಯೇ ಲಾಗಿನ್ ವಿಫಲವಾಗಿ ಜಾಬ್ ಕೆಂಪಾಗುತ್ತಿತ್ತು, ಒಂದು ಬಿಲ್ಲೂ ದಾರಿ ತಪ್ಪುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ವೇರಿಯಬಲ್‌ಗಿಂತ ದೊಡ್ಡ ಲೋಪ ಇದೇ.

ದಾರಿಯಲ್ಲಿ ಸಿಕ್ಕ ಇನ್ನಷ್ಟು

ನಾನು ಬರುವ ಮುಂಚೆ ತಂಡದ ಒಬ್ಬರು ಒಂದು ಪ್ಯಾಕೇಜಿನ ವೇರ್‌ಹೌಸ್ ಕನೆಕ್ಷನ್ನನ್ನು ಜಾಬ್ ಸ್ಟೆಪ್ಪಿನಲ್ಲೇ ಸೆಟ್ ಆಯ್ಕೆ ಬಳಸಿ ಬದಲಿಸಲು ನೋಡಿದ್ದರು. ಏನೂ ಬದಲಾಗಲಿಲ್ಲ, ಡಿಟಿಎಕ್ಸೆಕ್ ಕೇಳುತ್ತಲೇ ಇಲ್ಲ ಎಂದು ಬಿಟ್ಟಿದ್ದರು. ಇದಕ್ಕೆ ನಿರ್ದಿಷ್ಟ ಕಾರಣವಿದೆ. 2008ರ ಆವೃತ್ತಿಯಿಂದ ಡಿಟಿಎಕ್ಸೆಕ್ ಮೊದಲು ಪ್ಯಾಕೇಜಿನ ಕಾನ್ಫಿಗರೇಶನ್‌ಗಳನ್ನು ಹಚ್ಚುತ್ತದೆ, ಆಮೇಲೆ ಕಮಾಂಡ್ ಸಾಲಿನ ಆಯ್ಕೆಗಳನ್ನು ಹಚ್ಚುತ್ತದೆ, ಅದಾದ ಮೇಲೆ ಕಾನ್ಫಿಗರೇಶನ್‌ಗಳನ್ನು ಮತ್ತೊಮ್ಮೆ ತಂದು ಹಚ್ಚುತ್ತದೆ. ಕಾನ್ಫಿಗರೇಶನ್ ಕೈಯಲ್ಲಿರುವ ಗುಣವನ್ನು ಸೆಟ್ ಮೂಲಕ ಬದಲಿಸಿದರೆ ಆ ಬದಲಾವಣೆ ಕೊನೆಯ ಸುತ್ತಿನಲ್ಲಿ ಅಳಿಸಿಹೋಗುತ್ತದೆ. 2005ರಲ್ಲಿ ಕಲಿತವರಿಗೆ ಇದು ಗೊಂದಲ ತರುತ್ತದೆ, ಆಗ ಸೆಟ್ ಮಾತೇ ಕೊನೆಯದಾಗಿತ್ತು. ಕಾನ್ಫಿಗರೇಶನ್ ಮುಟ್ಟದ ಗುಣವನ್ನು ಸೆಟ್ ಈಗಲೂ ಬದಲಿಸಬಲ್ಲದು. ಈ ಸಂಗತಿ ನಮಗೆ ಮುಂದೆ ಉಪಯೋಗಕ್ಕೆ ಬಂತು.

ಏಜೆಂಟ್ ಸರ್ವಿಸನ್ನು ರೀಸ್ಟಾರ್ಟ್ ಮಾಡಿದೆವು. ಅದು ಡೊಮೇನ್ ಖಾತೆಯಲ್ಲಿ ಓಡುತ್ತಿದ್ದರಿಂದ ಅಷ್ಟು ಸಾಕಾಯಿತು. ಈ ಸಲ ಪ್ಯಾಕೇಜ್ ಸರಿಯಾದ ಟೇಬಲಿಗೆ ಹೋಯಿತು, ಹೋಗಿ ಅಲ್ಲೇ ಬಿತ್ತು. ಹಳೆಯ ಸರ್ವರಿನ ಬ್ಯಾಕಪ್ಪಿನಿಂದ ತಂದ ಆ ಟೇಬಲಿನ ಕೆಲವು ಸಾಲುಗಳಲ್ಲಿ ಹಳೆಯ ಸರ್ವರಿನ ಹೆಸರೇ ಇತ್ತು, ಪ್ರೊವೈಡರ್ (ಡೇಟಾಬೇಸಿಗೆ ಸಂಪರ್ಕ ಕೊಡುವ ತಂತ್ರಾಂಶ) ಎಂದು ಎಸ್‌ಕ್ಯೂಎಲ್ ನೇಟಿವ್ ಕ್ಲೈಂಟ್ 10 ಇತ್ತು. ಹೊಸ ಸರ್ವರಿನಲ್ಲಿರುವುದು 11. ಅಪ್‌ಗ್ರೇಡ್ ವಿಝಾರ್ಡ್ ಪ್ಯಾಕೇಜಿನೊಳಗಿನ ಪ್ರೊವೈಡರ್ ಹೆಸರುಗಳನ್ನು ಹೊಸದಕ್ಕೆ ಬದಲಿಸಿತ್ತು, ಟೇಬಲಿನಲ್ಲಿ ಕೂತ ಸಾಲುಗಳನ್ನು ಅದು ಮುಟ್ಟುವುದಿಲ್ಲ. ಇಲ್ಲಿ ಎರರ್ ಬಂದದ್ದು ನಮ್ಮ ಅದೃಷ್ಟ. ಹಳೆಯ ಸರ್ವರನ್ನು ಇನ್ನೂ ನಿಲ್ಲಿಸಿರಲಿಲ್ಲ. ಯಾರಾದರೂ ಹೊಸ ಸರ್ವರಿನಲ್ಲಿ ಹಳೆಯ ಕ್ಲೈಂಟನ್ನೂ ಹಾಕಿ ಎರರ್ ಹೋಗಲಾಡಿಸಿದ್ದರೆ, ಡೇಟಾ ಈ ಸಲ ಹಳೆಯ ಸರ್ವರಿಗೆ ಹೋಗಿ ಜಾಬ್ ಮತ್ತೆ ಹಸಿರಾಗುತ್ತಿತ್ತು. ಟೇಬಲಿನ ಕಾನ್ಫಿಗರ್ಡ್ ವ್ಯಾಲ್ಯೂ ಕಾಲಮಿನಲ್ಲಿ ಹಳೆಯ ಸರ್ವರಿನ ಹೆಸರು ಎಲ್ಲೆಲ್ಲಿದೆ ಎಂದು ಒಂದು ಕ್ವೆರಿಯಿಂದ ಹುಡುಕಿ ಅಷ್ಟನ್ನೂ ತಿದ್ದಿದೆವು. ಐಪಿ ವಿಳಾಸ ಬರೆದಿಟ್ಟ ಒಂದು ಸಾಲು ಆ ಹುಡುಕಾಟದಲ್ಲಿ ಸಿಗಲಿಲ್ಲ, ಕಣ್ಣಾರೆ ಓದಿದಾಗ ಸಿಕ್ಕಿತು. ಟೇಬಲ್ ಎಷ್ಟೇ ಉದ್ದವಿರಲಿ, ಒಮ್ಮೆ ಸಾಲು ಸಾಲಾಗಿ ಓದುವುದೇ ಲೇಸು.

ವಾರ್ನಿಂಗ್ ತೋರಿಸಲು ಶುರುಮಾಡಿದ ಮೇಲೆ ಅವುಗಳ ಗದ್ದಲವೂ ಶುರುವಾಯಿತು. ಎಲ್ಲ ಪ್ಯಾಕೇಜುಗಳೂ ಕಾನ್ಫಿಗರೇಶನ್ ಟೇಬಲಿನ ಸಾಲುಗಳನ್ನು ಆರಿಸುವ ಒಂದೇ ಫಿಲ್ಟರ್ ಹೆಸರು ಹಂಚಿಕೊಂಡಿದ್ದವು. ಎಕ್ಸೆಲ್ ಕನೆಕ್ಷನ್ ಇಲ್ಲದ ಪ್ಯಾಕೇಜಿಗೂ ಎಕ್ಸೆಲ್ ಸಾಲು ಬಂದು, ಈ ಹಾದಿಯಲ್ಲಿ ಹೇಳಿದ ವಸ್ತು ಕಾಣುತ್ತಿಲ್ಲ ಎಂದು ವಾರ್ನಿಂಗ್ ಕೊಡುತ್ತಿತ್ತು. ಇಂಥವು ನಿರುಪದ್ರವಿ. ಆದರೆ ಅವುಗಳ ನಡುವೆ ಒಂದು ನಿಜವಾದದ್ದೂ ಇತ್ತು: ಯಾರೋ ಒಂದು ಪ್ಯಾಕೇಜಿನಲ್ಲಿ ವೇರ್‌ಹೌಸ್ ಕನೆಕ್ಷನ್ನಿನ ಹೆಸರನ್ನು ಬದಲಿಸಿದ್ದರು, ಟೇಬಲಿನ ಪ್ಯಾಕೇಜ್ ಪಾತ್ ಕಾಲಮಿನಲ್ಲಿ ಹಳೆಯ ಹೆಸರೇ ಉಳಿದಿತ್ತು. ಆ ಪ್ಯಾಕೇಜ್ ಒಂದು ಮಾತ್ರ ಇನ್ನೂ ಟೆಸ್ಟ್ ವೇರ್‌ಹೌಸಿಗೆ ಬರೆಯುತ್ತಿತ್ತು. ಪ್ಯಾಕೇಜಿನಲ್ಲಿ ಇಂಥ ವಾರ್ನಿಂಗುಗಳನ್ನು ಅಡಗಿಸುವ ಒಂದು ಗುಣ ಇದೆ, ಅದನ್ನು ಹಾಕೋಣವೇ ಎಂದು ಡಿಬಿಎ ಕೇಳಿದ್ದರು. ಬೇಡ ಎಂದೆ. ಪ್ರತಿ ಕನೆಕ್ಷನ್ನಿಗೆ ಅದರದೇ ಫಿಲ್ಟರ್ ಹೆಸರು ಕೊಟ್ಟು ಸಾಲುಗಳನ್ನು ಬೇರ್ಪಡಿಸಿದೆವು. ವಾರ್ನಿಂಗುಗಳ ಸಂಖ್ಯೆ ಸೊನ್ನೆಗೆ ಇಳಿಯಿತು. ಇನ್ನು ಒಂದು ಬಂದರೂ ನೋಡಲೇಬೇಕು.

ಕಾವಲು

ಕಾನ್ಫಿಗರೇಶನ್ ಸಿಗದಿದ್ದರೆ ನಿಲ್ಲು ಎಂದು ಪ್ಯಾಕೇಜಿಗೆ ಹೇಳುವ ವ್ಯವಸ್ಥೆಯನ್ನು ನಾವೇ ಕಟ್ಟಿದೆವು. ಪ್ರತಿ ಡೇಟಾಬೇಸಿನಲ್ಲಿ ಒಂದೇ ಸಾಲಿನ ಒಂದು ಗುರುತಿನ ಟೇಬಲ್: ಇದು ಪ್ರೊಡಕ್ಷನ್ ಅಥವಾ ಇದು ಟೆಸ್ಟ್. ಪ್ರತಿ ಪ್ಯಾಕೇಜಿನ ಮೊದಲ ಕೆಲಸ ತಾನು ಬಳಸುವ ಕನೆಕ್ಷನ್‌ಗಳ ಮೂಲಕ ಆ ಗುರುತನ್ನು ಓದಿ, ಒಂದು ವೇರಿಯಬಲ್‌ನಲ್ಲಿರುವ ನಿರೀಕ್ಷೆಯೊಂದಿಗೆ ಹೋಲಿಸುವುದು; ತಾಳೆಯಾಗದಿದ್ದರೆ ಎರರ್ ಎಬ್ಬಿಸಿ ನಿಲ್ಲುವುದು. ಆ ನಿರೀಕ್ಷೆಯನ್ನು ಮುಖ್ಯ ಪ್ಯಾಕೇಜಿಗೆ ಜಾಬ್ ಸ್ಟೆಪ್ಪಿನಿಂದ ಸೆಟ್ ಮೂಲಕ ಕೊಟ್ಟೆವು. ಕಾನ್ಫಿಗರೇಶನ್ ಆ ವೇರಿಯಬಲನ್ನು ಮುಟ್ಟದ ಕಾರಣ ಅದು ಅಳಿಯುವುದಿಲ್ಲ. ಕೆಳಗಿನ ಪ್ಯಾಕೇಜುಗಳು ಅದನ್ನು ಪೇರೆಂಟ್ ಪ್ಯಾಕೇಜ್ ವೇರಿಯಬಲ್ ಆಗಿ ಪಡೆಯುತ್ತವೆ; ಬರದೇ ಹೋದರೆ ಅದು ಖಾಲಿಯಿರುತ್ತದೆ, ಖಾಲಿ ಯಾವುದಕ್ಕೂ ತಾಳೆಯಾಗುವುದಿಲ್ಲ. ಸರ್ವರಿನ ಹೆಸರನ್ನೇ ನೇರವಾಗಿ ಹೋಲಿಸಬಹುದಿತ್ತು ಎಂದು ಕೆಲವರು ಹೇಳುತ್ತಾರೆ. ವರ್ಚುವಲ್ ಮೆಷಿನನ್ನು ಕ್ಲೋನ್ ಮಾಡಿ ಹೆಸರು ಬದಲಿಸಿದ ಕಡೆ, ಎಸ್‌ಕ್ಯೂಎಲ್ ಸರ್ವರ್ ತನ್ನೊಳಗೆ ಬರೆದಿಟ್ಟುಕೊಂಡ ಹೆಸರನ್ನು ಯಾರಾದರೂ ತಿದ್ದುವವರೆಗೆ ಹಳೆಯ ಹೆಸರೇ ಬರುತ್ತದೆ. ಗುರುತಿನ ಟೇಬಲಿಗೆ ಆ ತೊಡಕಿಲ್ಲ, ಪ್ರೊಡಕ್ಷನ್ ಬ್ಯಾಕಪ್ಪನ್ನು ಟೆಸ್ಟಿಗೆ ರಿಸ್ಟೋರ್ ಮಾಡಿದಾಗ ಅದನ್ನು ಬದಲಿಸುವ ಶಿಸ್ತು ಮಾತ್ರ ಬೇಕು.

ಪರೀಕ್ಷೆಗೆಂದು ಎನ್ವಿರಾನ್ಮೆಂಟ್ ವೇರಿಯಬಲ್ ಅನ್ನು ಬೇಕೆಂದೇ ತೆಗೆದು, ಏಜೆಂಟ್ ರೀಸ್ಟಾರ್ಟ್ ಮಾಡಿ ಜಾಬ್ ಓಡಿಸಿದೆವು. ಮೊದಲ ಹೆಜ್ಜೆಯಲ್ಲೇ ನಿಂತಿತು, ಫೋಲ್ಡರಿನ ಫೈಲುಗಳು ಇದ್ದಲ್ಲೇ ಇದ್ದವು. ಆಮೇಲೆ ಆರ್ಕೈವಿನಿಂದ ತಪ್ಪಿಹೋದ ದಿನಗಳ ಫೈಲುಗಳನ್ನು ವಾಪಸ್ ತಂದು ತಾರೀಖಿನ ಕ್ರಮದಲ್ಲಿ ತುಂಬಿದೆವು. ಶಾಖೆವಾರು ಬಿಲ್ಲುಗಳ ಮೊತ್ತವನ್ನು ಇಆರ್‌ಪಿಯ ಮೊತ್ತಕ್ಕೆ ತಾಳೆ ನೋಡಿ ಖರೀದಿ ವಿಭಾಗಕ್ಕೆ ಒಪ್ಪಿಸಿದೆವು. ಟೆಸ್ಟ್ ವೇರ್‌ಹೌಸಿಗೆ ಬಿದ್ದಿದ್ದ ನಿಜವಾದ ಗ್ರಾಹಕರ ಬಿಲ್ಲುಗಳನ್ನು ಅಳಿಸುವುದು ತಾಂತ್ರಿಕವಾಗಿ ಸಣ್ಣ ಕೆಲಸ, ಆದರೆ ಅದನ್ನು ಮೊದಲು ಮಾಡಿದೆವು: ಆ ಸರ್ವರಿಗೆ ಹೊರಗಿನ ಗುತ್ತಿಗೆ ಡೆವಲಪರುಗಳಿಗೂ ಪ್ರವೇಶವಿತ್ತು, ಬಿಲ್ಲಿನಲ್ಲಿ ಯಾವ ಅಂಗಡಿ ಯಾವ ಔಷಧ ಕೊಂಡಿತು ಎಂಬುದೆಲ್ಲ ಇತ್ತು. ಏಜೆಂಟ್ ಖಾತೆಗೆ ಟೆಸ್ಟ್ ಸರ್ವರಿನಲ್ಲಿದ್ದ ಹಕ್ಕನ್ನು ಅದೇ ಹೊತ್ತಿಗೆ ಕಿತ್ತುಹಾಕಿದೆವು.

ಮುಂದಿನ ಹಂತವಾಗಿ ಪ್ಯಾಕೇಜುಗಳನ್ನು 2012ರಲ್ಲಿ ಬಂದ ಪ್ರಾಜೆಕ್ಟ್ ಡಿಪ್ಲಾಯ್‌ಮೆಂಟ್ ಮಾದರಿಗೆ ತರುವುದು ಎಂದು ಒಪ್ಪಿಗೆಯಾಗಿದೆ. ಅಲ್ಲಿ ಪ್ಯಾರಾಮೀಟರಿಗೆ ಮೌಲ್ಯ ಕಡ್ಡಾಯ ಎಂದು ಗುರುತು ಹಾಕಬಹುದು, ಮೌಲ್ಯ ಕೊಡದಿದ್ದರೆ ಓಟವೇ ಶುರುವಾಗುವುದಿಲ್ಲ. ಪಾಸ್‌ವರ್ಡುಗಳು ಎಸ್‌ಎಸ್‌ಐಎಸ್‌ಡಿಬಿ ಕ್ಯಾಟಲಾಗಿನಲ್ಲಿ (ಈ ಮಾದರಿಯ ಪ್ಯಾಕೇಜುಗಳನ್ನು ಇಡುವ ಡೇಟಾಬೇಸ್) ಎನ್‌ಕ್ರಿಪ್ಟ್ ಆಗಿ ಇರುತ್ತವೆ. ಆ ಡೇಟಾಬೇಸನ್ನೂ ಒಂದು ದಿನ ಬೇರೆ ಸರ್ವರಿಗೆ ಸಾಗಿಸಬೇಕಾಗುತ್ತದೆ. ಬರೀ ಬ್ಯಾಕಪ್ ಒಯ್ದರೆ, ಗೂಢಲಿಪಿಯ ಮುಖ್ಯ ಕೀಲಿಯಾದ ಮಾಸ್ಟರ್ ಕೀ ತೆರೆಯಿರಿ ಎಂಬ 15581 ಸಂಖ್ಯೆಯ ಎರರ್ ಎದುರಾಗುತ್ತದೆ. ಕ್ಯಾಟಲಾಗ್ ಸೃಷ್ಟಿಸಿದಾಗ ಕೊಟ್ಟ ಪಾಸ್‌ವರ್ಡಿನಿಂದ ಕೀ ತೆರೆದು, ಹೊಸ ಸರ್ವರಿನ ಸರ್ವಿಸ್ ಮಾಸ್ಟರ್ ಕೀಗೆ ಅದನ್ನು ಜೋಡಿಸಬೇಕು. ಆದ್ದರಿಂದ ಕ್ಯಾಟಲಾಗ್ ಮಾಡಿದ ದಿನವೇ ಮಾಸ್ಟರ್ ಕೀಯ ಬ್ಯಾಕಪ್ ಫೈಲ್ ತೆಗೆಸಿ, ಅದರ ಪಾಸ್‌ವರ್ಡನ್ನು ಬೇರೆ ಕಡೆ ಭದ್ರವಾಗಿ ಇಡಿಸಿದ್ದೇನೆ. ಮುಖ್ಯ ಪ್ಯಾಕೇಜ್ ಮತ್ತು ಬಿಲ್ಲುಗಳ ಪ್ಯಾಕೇಜುಗಳು ಮೊದಲು ಹೋಗುತ್ತವೆ. ಜೆಟ್ ನೆಚ್ಚಿಕೊಂಡ ದರಪಟ್ಟಿಯ ಪ್ಯಾಕೇಜ್ ಕೊನೆಗೆ. ಆ ಪಟ್ಟಿಯನ್ನು ಎಕ್ಸೆಲ್ ಬದಲು ಸಿಎಸ್‌ವಿ ಎಂಬ ಸರಳ ಟೆಕ್ಸ್ಟ್ ಫೈಲಿನಲ್ಲಿ ಕಳಿಸಲು ಪೂರೈಕೆದಾರರನ್ನು ಕೇಳಲಾಗಿದೆ.